ಕಲ್ಲಿನ ಬಾಯಿಗೆ ಎಷ್ಟು ಕಾಳು

ಬೀಸುವ ಕಲ್ಲಿನ ಮುಂದೆ ಕೂತವಳ ಎರಡು ಕೈಗಳಿಗೆ ಎರಡು ಬೇರೆ ಕಸುಬು. ಬಲಗೈ ಗೂಟ ಹಿಡಿದು ಮೇಲ್ಗಲ್ಲನ್ನು ತಿರುಗಿಸುತ್ತದೆ. ಎಡಗೈ ಮೊರದಲ್ಲಿರುವ ರಾಗಿಯನ್ನೋ ಜೋಳವನ್ನೋ ಬಾಚಿ ಕಲ್ಲಿನ ಬಾಯಿಗೆ ಬಿಡುತ್ತದೆ. ಬಲಗೈಗೆ ಬೇಕಾದದ್ದು ಕಸುವು, ಎಡಗೈಗೆ ಬೇಕಾದದ್ದು ಹದ. ಕಾಳು ಹೆಚ್ಚಾಯಿತೋ, ಕಲ್ಲು ಭಾರವಾಗಿ ತೋಳು ಸೋಲುತ್ತದೆ, ಅಂಚಿನಿಂದ ಹಿಟ್ಟಿನ ಬದಲು ತರಿ ಉದುರುತ್ತದೆ. ಕಡಿಮೆಯಾಯಿತೋ, ಕಲ್ಲು ಹಗುರವಾಗಿ ಗಿರಗಿರನೆ ತಿರುಗುತ್ತದೆ, ಆದರೆ ಕಲ್ಲಿಗೆ ಕಲ್ಲೇ ಉಜ್ಜಿ ಪುಡಿಗಲ್ಲು ಹಿಟ್ಟಿಗೆ ಸೇರುತ್ತದೆ, ಉಣ್ಣುವವರ ಹಲ್ಲಿನ ನಡುವೆ ಕರಕರ ಎನ್ನುತ್ತದೆ. ಈ ಹದ ತಪ್ಪದಂತೆ ಎಡಗೈ ನೋಡಿಕೊಳ್ಳುವುದು ಹೇಗೆ? ಬಲಗೈಗೆ ತಗಲುವ ಭಾರ, ಕಿವಿಗೆ ಬೀಳುವ ಕಲ್ಲಿನ ಸದ್ದು, ಕಣ್ಣಿಗೆ ಕಾಣುವ ಹಿಟ್ಟಿನ ನಯ, ಈ ಮೂರೂ ಸೇರಿ ಮುಂದಿನ ಹಿಡಿ ಎಷ್ಟು, ಯಾವಾಗ ಎಂಬುದನ್ನು ಹೇಳಿಕೊಡುತ್ತವೆ. ಬೀಸುವ ಪದಗಳು ದಣಿವು ಮರೆಸಲು ಹುಟ್ಟಿದವು ಎನ್ನುವುದು ವಾಡಿಕೆ. ಹಾಡಿನ ನಡೆ ಕಲ್ಲಿನ ಸುತ್ತನ್ನೂ ಹಿಡಿಗಾಳಿನ ಸರದಿಯನ್ನೂ ಒಂದೇ ತಾಳಕ್ಕೆ ಕಟ್ಟಿಕೊಡುತ್ತಿತ್ತು ಎಂಬುದನ್ನೂ ಆ ಮಾತಿಗೆ ಸೇರಿಸಬೇಕು. ಸಮವಾಗಿ ತಿರುಗುವ ಕಲ್ಲಿಗೆ ಸಮವಾಗಿ ಉಣಿಸುವುದು ಸುಲಭ.

ಹಿಟ್ಟಿನ ಗಿರಣಿಯ ಚರಿತ್ರೆ ಬಹುಮಟ್ಟಿಗೆ ಬಲಗೈಯ ಚರಿತ್ರೆಯಾಗಿಯೇ ನಮಗೆ ಬಂದಿದೆ. ಮೊದಲು ಹೆಂಗಸಿನ ತೋಳು, ಆಮೇಲೆ ಕತ್ತೆ, ಆಮೇಲೆ ನೀರು, ಗಾಳಿ, ಹಬೆ, ವಿದ್ಯುತ್ತು ಎಂದು ಕಲ್ಲನ್ನು ತಿರುಗಿಸಿದ ಶಕ್ತಿಗಳನ್ನು ಒಂದರ ಮುಂದೊಂದು ಜೋಡಿಸಿದರೆ ಕಥೆ ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಕತ್ತೆಯನ್ನು ಕಟ್ಟಿದರೂ ನೀರನ್ನು ಹರಿಸಿದರೂ ಕಲ್ಲಿನ ಬಾಯಿಗೆ ಕಾಳು ಹಾಕುವವರು ಒಬ್ಬರು ಪಕ್ಕದಲ್ಲಿ ನಿಂತೇ ಇರಬೇಕಾದರೆ, ಬದಲಾದದ್ದು ಅರ್ಧ ಮಾತ್ರ. ಎಡಗೈಗೆ ಬಿಡುವು ಸಿಕ್ಕಾಗಲೇ ಬೀಸುವ ಕಲ್ಲು ಯಂತ್ರವಾಯಿತು ಎಂಬುದು ನನ್ನ ವಾದ. ಆ ಬಿಡುವನ್ನು ಕೊಟ್ಟದ್ದು ಒಂದು ಅಲುಗಾಡುವ ಮರದ ದೋಣಿ ಮತ್ತು ಅದನ್ನು ತಟ್ಟುವ ಒಂದು ಕೋಲು. ತನ್ನ ಕೆಲಸವನ್ನು ತಾನೇ ಅಳೆದು ತಿದ್ದಿಕೊಳ್ಳುವ ಯಂತ್ರಗಳ ವಂಶಾವಳಿಯಲ್ಲಿ ಈ ಕೋಲಿಗೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಮೊದಲು ಬಂದದ್ದು ಹಾಪರ್, ಅಂದರೆ ಮೇಲೆ ಅಗಲವಾಗಿ ಕೆಳಗೆ ಇಕ್ಕಟ್ಟಾಗುವ ಕಾಳಿನ ಪೆಟ್ಟಿಗೆ. ಕ್ರಿಸ್ತಪೂರ್ವ 348ರಲ್ಲಿ ಮ್ಯಾಸಿಡೋನಿಯದ ಫಿಲಿಪ್ ಹಾಳುಗೆಡವಿದ ಒಲಿಂಥಸ್ ಎಂಬ ಗ್ರೀಕ್ ಪಟ್ಟಣದ ಮನೆಗಳಲ್ಲಿ ಚೌಕಾಕಾರದ ಮೇಲ್ಗಲ್ಲುಗಳು ಸಿಕ್ಕಿವೆ. ಕಲ್ಲಿನ ಬೆನ್ನನ್ನು ಬಟ್ಟಲಿನಂತೆ ಕೊರೆದು, ತಳದಲ್ಲಿ ಒಂದು ಸೀಳು ಬಿಟ್ಟಿದ್ದಾರೆ. ಕಲ್ಲನ್ನು ಅತ್ತಿಂದಿತ್ತ ಎಳೆದಂತೆ ಬಟ್ಟಲಿನ ಕಾಳು ಸೀಳಿನಿಂದ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ಕ್ರಿಸ್ತಶಕ 79ರಲ್ಲಿ ವೆಸುವಿಯಸ್ಸಿನ ಬೂದಿಯಡಿ ಹುಗಿದುಹೋದ ಪಾಂಪೇಯಿಯ ರೊಟ್ಟಿ ಅಂಗಡಿಗಳಲ್ಲಿ ಡಮರುಗದ ಆಕಾರದ ಮೇಲ್ಗಲ್ಲುಗಳು ಇಂದಿಗೂ ನಿಂತಿವೆ. ಡಮರುಗದ ಮೇಲಿನ ಅರ್ಧವೇ ಹಾಪರ್, ಕೆಳಗಿನ ಅರ್ಧ ಬೀಸುವ ಕಲ್ಲು. ಅದಕ್ಕೂ ಸುಮಾರು ನೂರು ವರ್ಷ ಮೊದಲು ರೋಮಿನ ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದ ಹತ್ತನೆಯ ಭಾಗದಲ್ಲಿ ನೀರಿನ ಗಿರಣಿಯನ್ನು ವರ್ಣಿಸುವಾಗ ಹಲ್ಲುಗಾಲಿಗಳ ಮಾತು ಮುಗಿಸಿ, ಕಲ್ಲಿನ ಮೇಲೆ ತೂಗುವ ಹಾಪರ್ ಕಾಳನ್ನು ಒದಗಿಸುತ್ತದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಚರಿತ್ರೆಕಾರರ ಕಣ್ಣು ಅವನ ಹಲ್ಲುಗಾಲಿಗಳ ಮೇಲೆಯೇ ನೆಟ್ಟಿತು. ಆ ಒಂದು ವಾಕ್ಯವನ್ನು ಅವರೂ ಅವನಂತೆಯೇ ದಾಟಿ ಹೋದರು.

ಹಾಪರ್ ಇಷ್ಟು ಸುಲಭವಾಗಿ ಒದಗಿಬಂದದ್ದಕ್ಕೆ ಕಾಳಿನ ಸ್ವಭಾವವೇ ಕಾರಣ. ನೀರಿನ ತೊಟ್ಟಿಗೆ ತೂತು ಕೊರೆದರೆ ತುಂಬಿದ್ದಾಗ ಜೋರಾಗಿ, ಬರಿದಾಗುತ್ತ ಬಂದಂತೆ ನಿಧಾನವಾಗಿ ಸುರಿಯುತ್ತದೆ. ಕಾಳು ಹಾಗಲ್ಲ. ಕಾಳಿನ ಭಾರದ ದೊಡ್ಡ ಪಾಲನ್ನು ಉಜ್ಜಾಟದ ಮೂಲಕ ಪೆಟ್ಟಿಗೆಯ ಗೋಡೆಗಳೇ ಹೊತ್ತುಕೊಳ್ಳುತ್ತವೆ. 1895ರಲ್ಲಿ ಜರ್ಮನಿಯ ಯಾನ್ಸೆನ್ ಎಂಬ ಎಂಜಿನಿಯರ್ ಧಾನ್ಯದ ಕಣಜಗಳ ಮೇಲೆ ಪ್ರಯೋಗ ಮಾಡಿ ಇದನ್ನು ಲೆಕ್ಕಕ್ಕೆ ತಂದ. ಹೀಗಾಗಿ ಪೆಟ್ಟಿಗೆಯಲ್ಲಿ ಎರಡು ಮೊಳ ಕಾಳಿದ್ದರೂ ಅರ್ಧ ಮೊಳವಿದ್ದರೂ ತಳದ ಕಂಡಿಯಿಂದ ಇಳಿಯುವ ಧಾರೆ ಹೆಚ್ಚುಕಡಿಮೆ ಒಂದೇ. ಮರಳು ಗಡಿಯಾರ ಸರಿಯಾದ ಹೊತ್ತು ತೋರಿಸುವುದೂ ಇದೇ ಗುಣದಿಂದ. ಆದರೆ ಕಾಳಿನ ಇನ್ನೊಂದು ಗುಣ ಗಿರಣಿಯವನ ಶತ್ರು: ಇಕ್ಕಟ್ಟಾದ ಕಂಡಿಯ ಮೇಲೆ ಕಾಳುಗಳು ಒಂದಕ್ಕೊಂದು ಆತು ಕಮಾನು ಕಟ್ಟಿಕೊಳ್ಳುತ್ತವೆ, ಧಾರೆ ಥಟ್ಟನೆ ನಿಲ್ಲುತ್ತದೆ. ಕಮಾನು ಕಟ್ಟದಿರಲೆಂದು ಕಂಡಿಯನ್ನು ಅಗಲ ಮಾಡೋಣವೆಂದರೆ, ಅಗಲ ಎರಡರಷ್ಟಾದರೆ ಧಾರೆ ಐದು ಪಟ್ಟಿಗೂ ಮೀರುತ್ತದೆ. ಕಂಡಿಯೊಂದನ್ನೇ ನಂಬಿ ನಯವಾದ ಹತೋಟಿ ಸಾಧ್ಯವಿಲ್ಲ ಎಂಬುದು ಇದರಿಂದ ಸ್ಪಷ್ಟ. ಜೊತೆಗೆ, ಹಾಪರಿನ ಸಮಧಾರೆಯೇ ನೀರಿನ ಗಿರಣಿಯಲ್ಲಿ ಒಂದು ದೋಷ. ಹೊಳೆ ಸೊರಗಿ ಕಲ್ಲು ನಿಧಾನವಾದರೂ ಕಾಳು ಮೊದಲಿನಷ್ಟೇ ಬೀಳುತ್ತಿದ್ದರೆ ಬಾಯಿ ಕಟ್ಟಿಕೊಳ್ಳುತ್ತದೆ, ಕಲ್ಲು ನಿಂತೇ ಹೋಗುತ್ತದೆ. ಕಲ್ಲಿನ ಆಯಾ ಹೊತ್ತಿನ ಕಸುವು ಎಷ್ಟೆಂದು ಕಾಳಿಗೆ ಯಾರಾದರೂ ತಿಳಿಸಬೇಕು. ಎಡಗೈ ಮಾಡುತ್ತಿದ್ದ ಕೆಲಸ ಅದೇ.

ಇದಕ್ಕೆ ಸಿಕ್ಕ ಉತ್ತರದ ಅತಿ ಸರಳ ರೂಪವನ್ನು ಹಿಮಾಲಯದ ತೊರೆಗಳ ಮೇಲೆ ಇಂದಿಗೂ ನೋಡಬಹುದು. ಉತ್ತರಾಖಂಡ, ಹಿಮಾಚಲಗಳ ಜನ ಘರಾಟ್ ಎನ್ನುವ, ನೇಪಾಳದವರು ಘಟ್ಟ ಎನ್ನುವ ಈ ಪುಟ್ಟ ನೀರಿನ ಗಿರಣಿಯ ಹೆಸರು ಸಂಸ್ಕೃತದ ಘರಟ್ಟ ಎಂಬ ಬೀಸುವ ಕಲ್ಲಿನ ಹೆಸರಿನಿಂದ ಬಂದದ್ದು. ಕಲ್ಲಿನ ಮೇಲೆ ಹಾಪರ್ ತೂಗುತ್ತದೆ. ಹಾಪರಿನ ಬಾಯಿಗೆ ಒಂದು ಚಿಕ್ಕ ಓರೆ ದೋಣಿ. ದೋಣಿಗೆ ಕಟ್ಟಿದ ಒಂದು ಕಡ್ಡಿ ತಿರುಗುವ ಮೇಲ್ಗಲ್ಲಿನ ಬೆನ್ನಿನ ಮೇಲೆ ಕೂತಿರುತ್ತದೆ, ಅಷ್ಟೇ. ಕಲ್ಲಿನ ಬೆನ್ನು ಒರಟು. ಅದು ತಿರುಗಿದಂತೆಲ್ಲ ಕಡ್ಡಿ ಕುಣಿಯುತ್ತದೆ, ಕಡ್ಡಿಯ ಕುಣಿತಕ್ಕೆ ದೋಣಿ ನಡುಗುತ್ತದೆ, ದೋಣಿಯ ನಡುಕಕ್ಕೆ ಕಾಳು ಉದುರುತ್ತದೆ. ದೋಣಿಯ ಓರೆಯನ್ನು ಜಾಣತನದಿಂದ ಇಟ್ಟಿರುತ್ತಾರೆ. ಗೋಧಿಯ ರಾಶಿ ತಾನಾಗಿ ನಿಲ್ಲುವ ಇಳಿಜಾರು 25 ಡಿಗ್ರಿಯ ಆಸುಪಾಸು. ದೋಣಿಯ ಓರೆ ಅದಕ್ಕಿಂತ ಕಡಿಮೆಯಿದ್ದರೆ ಅಲುಗಿಸದ ಹೊರತು ಕಾಳು ಜಾರುವುದಿಲ್ಲ. ಕಲ್ಲು ನಿಂತರೆ ಕಾಳೂ ನಿಲ್ಲುತ್ತದೆ. ಕಲ್ಲು ಜೋರಾದರೆ ಕಾಳೂ ಜೋರಾಗುತ್ತದೆ. ಯಾರೂ ಪಕ್ಕದಲ್ಲಿ ಕಾಯಬೇಕಾಗಿಲ್ಲ. ಮೂಟೆ ಸುರಿದು ಹೊಲಕ್ಕೆ ಹೋಗಿ ಸಂಜೆ ಹಿಟ್ಟು ತುಂಬಿಕೊಳ್ಳಲು ಬರಬಹುದು. ಒಂದು ಕಡ್ಡಿಯಿಂದ ಇಷ್ಟೆಲ್ಲ ಆಗುತ್ತದೆಂಬುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.

ಯುರೋಪಿನ ನೀರಿನ ಗಿರಣಿ, ಗಾಳಿ ಗಿರಣಿಗಳಲ್ಲಿ ಇದೇ ತತ್ತ್ವ ಇನ್ನಷ್ಟು ನುರಿತ ರೂಪ ಪಡೆಯಿತು. ಅಲ್ಲಿ ಕಡ್ಡಿಯ ಜಾಗಕ್ಕೆ ಕಲ್ಲಿನ ಕಣ್ಣಿನಿಂದ ನೆಟ್ಟಗೆ ಎದ್ದು ನಿಂತ, ಕಲ್ಲಿನ ಜೊತೆಯಲ್ಲೇ ತಿರುಗುವ ಕಬ್ಬಿಣದ ಕಂಬಿ ಬಂತು. ಕಂಬಿ ದುಂಡಗಿರದೆ ಚೌಕವಾಗಿರುವುದರಿಂದ ಕಲ್ಲಿನ ಒಂದು ಸುತ್ತಿಗೆ ದೋಣಿಯನ್ನು ನಾಲ್ಕು ಸಲ ತಟ್ಟುತ್ತದೆ. ನಾಲ್ಕು ಅಡಿ ಅಗಲದ ಕಲ್ಲು ನಿಮಿಷಕ್ಕೆ ಸುಮಾರು 120 ಸುತ್ತು ತಿರುಗುತ್ತಿತ್ತು. ಅಂದರೆ ಸೆಕೆಂಡಿಗೆ ಎಂಟು ತಟ್ಟು, ಒಂದೊಂದು ತಟ್ಟಿಗೂ ಒಂದು ಚಿಟಿಕೆ ಕಾಳು. ಬಾಗುವ ಒಂದು ಮರದ ಕೋಲು ಸ್ಪ್ರಿಂಗಿನಂತೆ ದೋಣಿಯನ್ನು ಮತ್ತೆ ಮತ್ತೆ ಕಂಬಿಯತ್ತ ಒತ್ತಿ ಹಿಡಿಯುತ್ತದೆ. ದೋಣಿಯ ತುದಿಗೆ ಕಟ್ಟಿದ ಒಂದು ಹುರಿ ನೆಲಹಲಗೆಯ ತೂತಿನಿಂದ ಕೆಳಗಿನ ಅಂತಸ್ತಿಗೆ, ಹಿಟ್ಟು ಬೀಳುವ ಕೊಳವೆಯ ಪಕ್ಕಕ್ಕೆ ಇಳಿಯುತ್ತದೆ. ಗಿರಣಿಯವನು ಅಲ್ಲಿ ನಿಂತು, ಬೆಚ್ಚಗೆ ಬೀಳುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿ, ಒರಟಾಗಿದ್ದರೆ ಹುರಿಯ ಗೂಟವನ್ನು ಒಂದಿಷ್ಟು ತಿರುಗಿಸಿ ದೋಣಿಯ ಓರೆಯನ್ನು ಕಡಿಮೆ ಮಾಡುತ್ತಾನೆ. ಹಾಪರಿನೊಳಗೆ ಕಾಳಿನ ಅಡಿ ಒಂದು ತೊಗಲಿನ ಪಟ್ಟಿಯನ್ನು ಹುಗಿದು ಅದಕ್ಕೆ ಗಂಟೆ ಕಟ್ಟಿರುತ್ತಾರೆ. ಕಾಳು ತಳ ಕಂಡಾಗ ಪಟ್ಟಿ ಸಡಿಲಿ ಗಂಟೆ ಕೆಳಗಿಳಿದು ತಿರುಗುವ ಭಾಗಕ್ಕೆ ತಾಗಿ ಬಾರಿಸತೊಡಗುತ್ತದೆ. ಮೇಲಂತಸ್ತಿನಲ್ಲಿ ಕಾಳು, ನಡುವೆ ಕಲ್ಲು, ಕೆಳಗೆ ಹಿಟ್ಟು ಮತ್ತು ಮನುಷ್ಯ. ಬೀಸುವವಳು ಒಬ್ಬಳೇ ಕೂತು ಕಿವಿ, ಕಣ್ಣು, ಕೈಗಳಿಂದ ಮಾಡುತ್ತಿದ್ದದ್ದನ್ನು ಇಲ್ಲಿ ಹುರಿ, ಗಂಟೆ, ಕಂಬಿಗಳು ಹಂಚಿಕೊಂಡಿವೆ.

ಇದು ಎಷ್ಟು ಹಳೆಯದು? ತಂತ್ರಜ್ಞಾನದ ಚರಿತ್ರೆಗಳು ಸಾಮಾನ್ಯವಾಗಿ 1588ನ್ನು ಹೇಳುತ್ತವೆ. ಆ ವರ್ಷ ಪ್ಯಾರಿಸ್ಸಿನಲ್ಲಿ ಅಚ್ಚಾದ ಇಟಲಿಯ ಅಗೊಸ್ಟಿನೊ ರಮೆಲ್ಲಿಯ ಯಂತ್ರಗಳ ಗ್ರಂಥದಲ್ಲಿ ನುರಿತ ರೂಪದ ಅಲುಗು ದೋಣಿಯ ಚಿತ್ರಗಳಿವೆ. ಆದರೆ ಚಿತ್ರಗ್ರಂಥದ ತಾರೀಖು ವಸ್ತುವಿನ ತಾರೀಖಲ್ಲ. ಎರಡು ಶತಮಾನ ಹಿಂದಿನ ಇಂಗ್ಲೆಂಡಿನ ಕವಿ ಚಾಸರ್ ತನ್ನ ಕ್ಯಾಂಟರ್ಬರಿ ಕಥೆಗಳಲ್ಲಿ ರೀವ್ ಎಂಬ ಪಾರುಪತ್ಯಗಾರನ ಬಾಯಲ್ಲಿ ಹೇಳಿಸುವ ಕಥೆಯನ್ನು ನೋಡಿ. ಹಿಟ್ಟು ಕದಿಯುವ ಗಿರಣಿಯವನನ್ನು ಕಾಯಲು ಕೇಂಬ್ರಿಜ್ಜಿನಿಂದ ಇಬ್ಬರು ವಿದ್ಯಾರ್ಥಿಗಳು ಬರುತ್ತಾರೆ. ಒಬ್ಬ ಕೆಳಗೆ ಹಿಟ್ಟು ಬೀಳುವಲ್ಲಿ ನಿಲ್ಲುತ್ತೇನೆನ್ನುತ್ತಾನೆ. ಇನ್ನೊಬ್ಬ, ಹಾಪರ್ ಅತ್ತಿಂದಿತ್ತ ಅಲುಗುವುದನ್ನು ನಾನು ಕಂಡೇ ಇಲ್ಲ, ಅದರ ಬಳಿ ನಿಂತು ನೋಡುತ್ತೇನೆ ಎಂದು ನೆಪ ಹೂಡುತ್ತಾನೆ. ಕಥೆ ಕೇಳುವವರಿಗೆಲ್ಲ ಅಲುಗುವ ಹಾಪರ್ ನಿತ್ಯ ಕಂಡ ವಸ್ತುವಾಗಿದ್ದರೆ ಮಾತ್ರ ಈ ನೆಪದ ಸ್ವಾರಸ್ಯ ಹತ್ತುತ್ತದೆ. ಹದಿನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಇದು ಹಳ್ಳಿಗಾಡಿನ ಸಾಮಾನ್ಯ ಸಂಗತಿಯಾಗಿತ್ತು ಎನ್ನಲು ಯಾವ ಎಂಜಿನಿಯರನ ಚಿತ್ರಕ್ಕಿಂತಲೂ ಈ ಸುಳ್ಳು ನೆಪವೇ ಗಟ್ಟಿ ಸಾಕ್ಷಿ. ಕಂಡುಹಿಡಿದವರ ಹೆಸರು ಉಳಿದಿಲ್ಲ. ಹೆಸರು ಉಳಿಸಿಕೊಳ್ಳುವ ಜನ ಗಿರಣಿಯ ಮೇಲಂತಸ್ತಿಗೆ ಹತ್ತುತ್ತಿರಲಿಲ್ಲ.

ಉಳಿದಿರುವುದು ದೋಣಿಯನ್ನು ತಟ್ಟುವ ಆ ಕೋಲಿಗೆ, ಅಂದರೆ ಕಂಬಿಗೆ, ಬಿದ್ದ ಹೆಸರುಗಳು. ಇಂಗ್ಲಿಷಿನಲ್ಲಿ ಅದು ಡ್ಯಾಮ್ಸೆಲ್, ಅಂದರೆ ತರುಣಿ. ಎಡೆಬಿಡದೆ ಮಾತಾಡುತ್ತದೆಂದು ಆ ಹೆಸರು. ಫ್ರೆಂಚರಿಗೆ ಅದು ಬಾಬಿಯಾರ್, ವಟವಟ ಎನ್ನುವವ. ಸ್ಪ್ಯಾನಿಷಿನಲ್ಲಿ ತಾರಾಬಿಯ ಎಂದರೆ ಗಿರಣಿಯ ಕೋಲೂ ಹೌದು, ಬಾಯಿಬಡುಕರೂ ಹೌದು. ಈ ಹೆಸರುಗಳನ್ನು ಓದುವಾಗ ನನಗೆ ನೋವಾಗುತ್ತದೆ. ಹೋಮರನ ಒಡಿಸ್ಸಿಯಲ್ಲಿ ಅರಮನೆಯ ಹಿಟ್ಟಿಗಾಗಿ ಹನ್ನೆರಡು ಹೆಂಗಸರು ರಾತ್ರಿಯೆಲ್ಲ ಬೀಸುತ್ತಾರೆ. ಉಳಿದವರು ಮುಗಿಸಿ ಮಲಗಿದ ಮೇಲೂ ಎಲ್ಲರಿಗಿಂತ ಬಡಕಲಾದ ಒಬ್ಬಳು ಇನ್ನೂ ಬೀಸುತ್ತಲೇ ಇರುತ್ತಾಳೆ. ನೀರಿನ ಗಿರಣಿ ಬಂದ ಹೊಸತರಲ್ಲಿ ಥೆಸಲೊನೀಕದ ಆಂಟಿಪಾಟರ್ ಎಂಬ ಕವಿ ಇನ್ನು ಬೀಸುವ ಹೆಂಗಸರು ಕೋಳಿ ಕೂಗಿದರೂ ಮಲಗಿರಬಹುದೆಂದು ಸಂಭ್ರಮದಿಂದ ಬರೆದ. ಅವರ ತೋಳಿಗೆ ಬದಲಾಗಿ ಬಂದ ನೀರನ್ನು ಕವಿ ಜಲಕನ್ಯೆಯರೆಂದು ಕೊಂಡಾಡಿದ. ಅವರ ಎಡಗೈಯ ಅರಿವಿಗೆ ಬದಲಾಗಿ ಬಂದ ಕೋಲಿಗೆ ಸಿಕ್ಕದ್ದು ಬಾಯಿಬಡುಕಿ ಎಂಬ ಬಿರುದು. ಬಲಗೈಗೆ ಸ್ತುತಿ, ಎಡಗೈಗೆ ಗೇಲಿ ಎಂಬ ಈ ಭೇದ ಆಮೇಲಿನ ಚರಿತ್ರೆಗಳಿಗೂ ಹರಿದುಬಂದಿದೆ ಎಂದೇ ನಾನು ತಿಳಿಯುತ್ತೇನೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪವನ್ನು ಎದುರಿಸಬೇಕು. ಕಲ್ಲು ಜೋರಾದರೆ ಕಾಳು ಹೆಚ್ಚು, ನಿಧಾನವಾದರೆ ಕಡಿಮೆ ಎಂಬುದು ಬರೀ ಅನುಪಾತ; ಅದನ್ನು ಸ್ವಯಂ ನಿಯಂತ್ರಣ ಎನ್ನುವುದು ಅತಿಯಾಯಿತು, ಕಂಡುಹಿಡಿದ ಹಳ್ಳಿಗನಿಗೆ ಅಂಥ ಕಲ್ಪನೆಯೇ ಇರಲಿಲ್ಲ ಎನ್ನಬಹುದು. ಅಲ್ಲದೆ ಸ್ವಯಂ ನಿಯಂತ್ರಣದ ಮೊದಲಿಗ ಬೇಕಾದರೆ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಲೆಕ್ಸಾಂಡ್ರಿಯದ ಕ್ಟೆಸಿಬಿಯಸ್ ಇದ್ದಾನೆ; ಅವನ ನೀರಿನ ಗಡಿಯಾರದಲ್ಲಿ ತೇಲುವ ಬೆಣೆಯೊಂದು ನೀರಿನ ಮಟ್ಟ ಏರಿದಾಗ ಒಳಹರಿವನ್ನು ತಾನೇ ಮುಚ್ಚುತ್ತಿತ್ತು. ಕ್ಟೆಸಿಬಿಯಸ್ಸನ ಹಿರಿತನವನ್ನು ಒಪ್ಪುತ್ತೇನೆ. ಆದರೆ ಅವನದು ಮಟ್ಟ ಕಾಯುವ ಕೆಲಸ, ನೀರಿಗೆ ಬೇಕಾದದ್ದು ಅದು. ಕಾಳಿಗೆ ಮಟ್ಟದ ಚಿಂತೆಯಿಲ್ಲವೆಂದು ಮೇಲೆ ಕಂಡೆವು. ಅದಕ್ಕೆ ಬೇಕಾದದ್ದು ದುಡಿಯುವ ಯಂತ್ರದ ಕಸುವಿಗೆ ಹೊರೆಯನ್ನು ಹೊಂದಿಸುವ ಕೆಲಸ. ಇನ್ನು ಅನುಪಾತದ ಮಾತು. ಕಲ್ಲು ಜೋರಾದಾಗ ಕಾಳು ಹೆಚ್ಚು ಬೀಳುತ್ತದೆ ಎಂಬಲ್ಲಿಗೆ ಕಥೆ ನಿಂತಿದ್ದರೆ ಆಕ್ಷೇಪ ಸರಿಯಾಗುತ್ತಿತ್ತು. ಹೆಚ್ಚು ಬಿದ್ದ ಕಾಳು ಕಲ್ಲಿಗೆ ಹೆಚ್ಚು ಹೊರೆ. ಆ ಹೊರೆ ಕಲ್ಲನ್ನು ತಡೆದು ನಿಧಾನ ಮಾಡುತ್ತದೆ. ನಿಧಾನವಾದರೆ ತಟ್ಟು ಕಡಿಮೆ, ಕಾಳು ಕಡಿಮೆ, ಹೊರೆ ಕಡಿಮೆ, ಕಲ್ಲು ಮತ್ತೆ ಚೇತರಿಸಿಕೊಳ್ಳುತ್ತದೆ. ಕಾರಣ ಪರಿಣಾಮಗಳು ಸುತ್ತಿ ಬಂದು ಒಂದು ಬಳೆಯಂತೆ ಕೂಡಿಕೊಂಡಿವೆ, ಮತ್ತು ಸುತ್ತು ಪೂರೈಸಿದಾಗ ಏರುಪೇರು ತಗ್ಗುತ್ತದೆ. ಎಂಜಿನಿಯರುಗಳು ಇಂದು ಫೀಡ್‌ಬ್ಯಾಕ್ ಎನ್ನುವುದು ಇದನ್ನೇ. ಹಿಡಿತ ಸಡಿಲ, ವ್ಯಾಪ್ತಿ ಕಿರಿದು, ನಿಜ. ಬಿರುಗಾಳಿಯನ್ನು ಈ ಕೋಲು ಪಳಗಿಸಲಾರದು. ಕಲ್ಪನೆಯ ಮಾತಿಗೆ ಬಂದರೆ, ಗಿರಣಿಯವನ ಬಳಿ ಪಾರಿಭಾಷಿಕ ಪದ ಇರಲಿಲ್ಲ, ಹುರಿಯಿತ್ತು. ಬೆಳಗಿನ ಗಾಳಿ ನೋಡಿ, ಧಾನ್ಯದ ತೇವ ನೋಡಿ ಆ ಹುರಿಯನ್ನು ಎಷ್ಟು ಬಿಗಿದರೆ ಉಳಿದದ್ದನ್ನು ಕಲ್ಲು ತಾನೇ ನೋಡಿಕೊಳ್ಳುತ್ತದೆಂದು ಅವನಿಗೆ ಗೊತ್ತಿತ್ತು.

ಈ ಬಳೆಯ ಮಹತ್ವ ಗಾಳಿ ಗಿರಣಿಯಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಅದರ ಶಕ್ತಿ ಎಂಟರಷ್ಟಾಗುತ್ತದೆ. ಒಂದು ಬೀಸುಗಾಳಿ ಬಂತೆಂದರೆ ಕಲ್ಲು ಹುಚ್ಚೆದ್ದು ತಿರುಗುತ್ತದೆ, ದೋಣಿ ಕಾಳನ್ನು ಸುರಿಯುತ್ತದೆ, ಕಾಳು ತುಂಬಿ ಮೇಲ್ಗಲ್ಲು ಮೇಲೆದ್ದು ಹಿಟ್ಟು ಒರಟಾಗುತ್ತದೆ. ಆಗ ಗಿರಣಿಯವನು ಓಡಿ ಬಂದು ಕಲ್ಲನ್ನು ಕೂದಲೆಳೆಯಷ್ಟು ತಗ್ಗಿಸಬೇಕು. ಈ ಓಟವನ್ನು ತಪ್ಪಿಸಲು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಗಿರಣಿ ಬಡಗಿಗಳು ಎರಡು ಭಾರದ ಗುಂಡುಗಳನ್ನು ತಿರುಗುವ ಕಂಬಿಗೆ ತೂಗುಹಾಕಿದರು. ವೇಗ ಹೆಚ್ಚಿದರೆ ಗುಂಡುಗಳು ಹೊರಕ್ಕೆ ಚಿಮ್ಮಿ ಸನ್ನೆಗೋಲನ್ನು ಎಳೆದು ಕಲ್ಲನ್ನು ಇಳಿಸುತ್ತವೆ. 1787ರಲ್ಲಿ ಥಾಮಸ್ ಮೀಡ್ ಇಂಥ ಗವರ್ನರಿಗೆ ಪೇಟೆಂಟ್ ಪಡೆದ. ಮರುವರ್ಷ ಮೇ ತಿಂಗಳಲ್ಲಿ ಮ್ಯಾಥ್ಯೂ ಬೋಲ್ಟನ್ ಲಂಡನ್ನಿನ ಆಲ್ಬಿಯನ್ ಗಿರಣಿಯಲ್ಲಿ ಇದನ್ನು ಕಂಡು ತನ್ನ ಪಾಲುದಾರ ಜೇಮ್ಸ್ ವಾಟ್‌ಗೆ ಕಾಗದ ಬರೆದ. ಅದೇ ವರ್ಷದ ಕೊನೆಗೆ ವಾಟ್ ಅದನ್ನು ಹಬೆ ಎಂಜಿನ್ನಿಗೆ ಅಳವಡಿಸಿದ. 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗವರ್ನರುಗಳ ಗಣಿತವನ್ನು ಬರೆದು ನಿಯಂತ್ರಣ ಶಾಸ್ತ್ರಕ್ಕೆ ಅಡಿಪಾಯ ಹಾಕಿದ. ಶಾಲೆಯ ಪುಸ್ತಕಗಳಲ್ಲಿ ಈ ಕಥೆ ವಾಟ್‌ನಿಂದ ಶುರುವಾಗುತ್ತದೆ. ಅದು ಶುರುವಾಗಬೇಕಾದದ್ದು ಹಿಟ್ಟಿನ ಧೂಳು ಮೆತ್ತಿದ ಗಿರಣಿಯ ಅಟ್ಟದಿಂದ.

ಗವರ್ನರ್ ತಿದ್ದುವುದು ಕಲ್ಲುಗಳ ನಡುವಿನ ಸಂದನ್ನು, ಕಾಳಿನ ಧಾರೆಯನ್ನಲ್ಲ. ಹಾಗಿದ್ದ ಮೇಲೆ ದೋಣಿಗೂ ಅದಕ್ಕೂ ವಂಶ ಸಂಬಂಧ ಎಲ್ಲಿಯದು ಎಂದು ಕೇಳುವುದು ನ್ಯಾಯವೇ. ಗುಂಡುಗಳು ಕೋಲಿನಿಂದ ಹುಟ್ಟಿದವು ಎಂದು ತೋರಿಸುವ ದಾಖಲೆಯ ಆಧಾರದ ಮೇಲೆ ನಾನು ಮಾತಾಡುತ್ತಿಲ್ಲ. ನನ್ನ ಮಾತು ಕೆಲಸದ ಹೊಂದಾಣಿಕೆಯದು. ವೇಗದೊಡನೆ ಧಾರೆ ತಾನಾಗಿ ಹೆಚ್ಚುತ್ತಿದ್ದುದರಿಂದಲೇ ಸಂದನ್ನೂ ವೇಗದೊಡನೆ ತಾನಾಗಿ ತಗ್ಗಿಸುವ ಅಗತ್ಯ ಬಿದ್ದದ್ದು. ಕೈಯಿಂದ ಉಣಿಸುವ ಗಿರಣಿಯಲ್ಲಿ ಒಬ್ಬ ಮನುಷ್ಯ ಎರಡನ್ನೂ ನೋಡಿಕೊಳ್ಳುತ್ತಿದ್ದ, ಅಲ್ಲಿ ಗುಂಡುಗಳಿಗೆ ಕೆಲಸವೇ ಇರುತ್ತಿರಲಿಲ್ಲ. ತಿರುಗುವ ಕಂಬಿಯ ವೇಗವನ್ನೇ ಸುದ್ದಿಯಾಗಿ ಬಳಸಿ ಯಂತ್ರದ ಇನ್ನೊಂದು ಭಾಗವನ್ನು ಅಲುಗಿಸುವ ಪಾಠವನ್ನು ಗಿರಣಿ ಬಡಗಿಗಳು ನಾಲ್ಕು ಶತಮಾನಗಳಿಂದ ಪ್ರತಿದಿನ ಕೇಳಿಸಿಕೊಳ್ಳುತ್ತ ಬಂದಿದ್ದರು, ಸೆಕೆಂಡಿಗೆ ಎಂಟು ತಟ್ಟಿನಂತೆ.

ಉಣಿಸುವುದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅತಿ ಕ್ರೂರ ಸಾಕ್ಷಿ ಅಮೆರಿಕದ ಮಿನಿಯಾಪೊಲಿಸ್ಸಿನಿಂದ ಬಂತು. 1878ರ ಮೇ 2ರ ಸಂಜೆ ಅಲ್ಲಿನ ವಾಶ್‌ಬರ್ನ್ ಎ ಗಿರಣಿ ಸಿಡಿಯಿತು. ನಾಲ್ಕು ವರ್ಷದ ಹಿಂದೆ ಕಟ್ಟಿದ, ದೇಶದಲ್ಲೇ ದೊಡ್ಡದೆನಿಸಿದ ಗಿರಣಿ ಅದು. 18 ಜನ ಸತ್ತರು. ಅವರಲ್ಲಿ 14 ಜನ ಆ ಗಿರಣಿಯೊಳಗಿದ್ದವರು, ಉಳಿದವರು ಪಕ್ಕದ ಗಿರಣಿಗಳವರು. ಮಿನೆಸೋಟ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರು ತನಿಖೆ ಮಾಡಿ, ಕಾಳಿಲ್ಲದೆ ಒಣಗಿ ತಿರುಗಿದ ಕಲ್ಲುಗಳು ಉಜ್ಜಿ ಹುಟ್ಟಿದ ಕಿಡಿ ಗಾಳಿಯಲ್ಲಿ ತುಂಬಿದ್ದ ಹಿಟ್ಟಿನ ಧೂಳಿಗೆ ತಗಲಿತೆಂದು ತೀರ್ಮಾನಿಸಿದರು. ಕಲ್ಲುಗಳ ನಡುವಿನ ಕಾಳು ಬರೀ ಕಚ್ಚಾಮಾಲಲ್ಲ, ಎರಡು ಕಲ್ಲುಗಳನ್ನು ದೂರ ಇಡುವ ಹಾಸಿಗೆಯೂ ಹೌದು. ಹಾಪರಿನ ಗಂಟೆಯನ್ನು ಕಟ್ಟಿದ ಹಳೆಯ ಗಿರಣಿಯವರಿಗೆ ಇದು ಗೊತ್ತಿತ್ತು. ಒಬ್ಬ ಮನುಷ್ಯ ಒಂದು ಜೋಡಿ ಕಲ್ಲನ್ನು ನೋಡಿಕೊಳ್ಳುವಲ್ಲಿ ಆ ಗಂಟೆ ಸಾಕು. ಹತ್ತಾರು ಜೋಡಿಗಳು ಏಕಕಾಲಕ್ಕೆ ಗರ್ಜಿಸುವ ಏಳಂತಸ್ತಿನ ಕಟ್ಟಡದಲ್ಲಿ ಯಾವ ಗಂಟೆ ಯಾರಿಗೆ ಕೇಳೀತು?

ಆ ಹೊತ್ತಿಗಾಗಲೇ ಹಂಗೇರಿಯ ಬುಡಾಪೆಸ್ಟಿನ ಗಿರಣಿಗಳು ಕಲ್ಲನ್ನು ಬಿಟ್ಟು ಗಟ್ಟಿ ಕಬ್ಬಿಣದ ರೋಲರುಗಳಿಗೆ ಹೊರಳುತ್ತಿದ್ದವು; ಸಿಡಿತದ ನಂತರ ಮಿನಿಯಾಪೊಲಿಸ್ ಕೂಡ ಅದೇ ದಾರಿ ಹಿಡಿಯಿತು. ರೋಲರ್ ಬಂದ ಮೇಲೆ ಉಣಿಸುವ ಸಮಸ್ಯೆಯ ಸ್ವರೂಪವೇ ಬದಲಾಯಿತು. ಕಲ್ಲಿನ ಕಣ್ಣಿಗೆ ಬಿದ್ದ ಕಾಳು ಅಂಚಿಗೆ ಬರುವಷ್ಟರಲ್ಲಿ ಹಲವು ಸುತ್ತು ಹಾಕುತ್ತದೆ, ದಾರಿಯಲ್ಲಿ ಬೆರೆಯುತ್ತದೆ, ಧಾರೆಯ ಚಿಕ್ಕಪುಟ್ಟ ಏರುಪೇರನ್ನು ಕಲ್ಲು ನುಂಗಿಕೊಳ್ಳುತ್ತದೆ. ಎರಡು ರೋಲರುಗಳು ಸಂಧಿಸುವುದು ಒಂದೇ ಗೆರೆಯಲ್ಲಿ; ಕಾಳು ಅದನ್ನು ದಾಟುವುದು ಕಣ್ಣೆವೆ ಮುಚ್ಚಿ ತೆರೆಯುವುದಕ್ಕೂ ಮೊದಲು. ಅಲ್ಲಿ ಕ್ಷಮೆಯಿಲ್ಲ. ಧಾರೆ ಕಾಲದಲ್ಲಿ ಸಮವಾಗಿದ್ದರೆ ಸಾಲದು, ರೋಲರಿನ ಉದ್ದಕ್ಕೂ ತೆಳುವಾದ ಪರದೆಯಂತೆ ಸಮವಾಗಿ ಹರಡಿರಬೇಕು. ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು ಆದರೆ ಒಂದು ಕಡೆ ಕಾಳು ಒಡೆಯದೆ ಜಾರುತ್ತದೆ, ಇನ್ನೊಂದು ಕಡೆ ಲೋಹಕ್ಕೆ ಲೋಹ ತಾಗುತ್ತದೆ. ಹೀಗಾಗಿ ದೊಡ್ಡ ರೋಲರುಗಳ ಮೇಲೆ ಗೀರು ಹೊಡೆದ ಚಿಕ್ಕ ರೋಲರುಗಳನ್ನು, ಅವುಗಳ ಮೇಲೆ ಕಾಳಿನ ಭಾರಕ್ಕೇ ತೆರೆದು ಮುಚ್ಚುವ ಬಾಗಿಲನ್ನು ಇಟ್ಟರು. ಮೇಲೆ ಮಾಲು ಶೇಖರವಾದರೆ ಬಾಗಿಲು ಹೆಚ್ಚು ತೆರೆಯುತ್ತದೆ, ಪೂರ್ತಿ ಬರಿದಾದರೆ ದೊಡ್ಡ ರೋಲರುಗಳು ತಾವಾಗಿ ದೂರ ಸರಿಯುತ್ತವೆ. ಇಂದು ಆ ಬಾಗಿಲಿನ ಜಾಗದಲ್ಲಿ ಸೆನ್ಸರ್ ಮತ್ತು ಮೋಟಾರ್ ಇವೆ. ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿರುವ, ಸ್ವಿಸ್ ನೆರವಿನಿಂದ ಬೆಳೆದ ಗಿರಣಿ ತಂತ್ರಜ್ಞಾನದ ಶಾಲೆಯಲ್ಲಿ ಕಲಿಯುವವರಿಗೆ ಉಣಿಸುವ ರೋಲರಿನ ಪಾಠ ಬೀಸುವ ರೋಲರಿನ ಪಾಠದಷ್ಟೇ ಮುಖ್ಯ.

ಕರ್ನಾಟಕದ ಬಹುಭಾಗಕ್ಕೆ ನೀರಿನ ಗಿರಣಿ, ಗಾಳಿ ಗಿರಣಿಗಳ ಈ ನಡುವಣ ಅಧ್ಯಾಯ ಬರಲೇ ಇಲ್ಲ. ಇಲ್ಲಿ ಬೀಸುವ ಕಲ್ಲಿನಿಂದ ನೇರವಾಗಿ ಆಯಿಲ್ ಎಂಜಿನ್ನಿಗೆ, ಅಲ್ಲಿಂದ ಕರೆಂಟಿನ ಗಿರಣಿಗೆ ಜಿಗಿತ. ಆಗ ವಿಚಿತ್ರವಾದ ಒಂದು ಸಂಗತಿ ನಡೆಯಿತು. ಕರೆಂಟಿನ ಮೋಟಾರ್ ಹೊರೆ ಹೆಚ್ಚಲಿ ಕಡಿಮೆಯಾಗಲಿ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುತ್ತದೆ. ಹೊರೆ ಹೆಚ್ಚಾದರೆ ವೇಗ ತಗ್ಗಿಸುವ ಬದಲು ಹೆಚ್ಚು ವಿದ್ಯುತ್ತನ್ನು ಎಳೆದುಕೊಳ್ಳುತ್ತದೆ. ಅಂದರೆ ಕೋಲಿಗೆ ಸುದ್ದಿ ಮುಟ್ಟಿಸುತ್ತಿದ್ದ ವೇಗದ ಏರುಪೇರೇ ಇಲ್ಲವಾಯಿತು. ಇಂಥ ಗಿರಣಿಯಲ್ಲಿ ದೋಣಿಯನ್ನು ಕಂಬಿಗೆ ಕಟ್ಟಿದರೂ ಅದು ಬರೀ ಅಲುಗುತ್ತದೆ, ಅಳೆಯುವುದಿಲ್ಲ. ಕಾರಣ ಪರಿಣಾಮಗಳ ಬಳೆ ಒಡೆದಿದೆ. ಹೊರೆಯ ಸುದ್ದಿ ಈಗ ಕಲ್ಲಿನ ವೇಗದಲ್ಲಿ ಸಿಗುವುದಿಲ್ಲ, ಆಂಪಿಯರ್ ಮೀಟರಿನ ಮುಳ್ಳಿನಲ್ಲಿ ಸಿಗುತ್ತದೆ, ಮೀಟರ್ ಇಲ್ಲದ ಕಡೆ ಕಲ್ಲಿನ ದನಿಯಲ್ಲಿ ಮತ್ತು ಬೆಲ್ಟಿನ ಕಿರುಗುಟ್ಟುವಿಕೆಯಲ್ಲಿ. ಅದನ್ನು ಕೇಳಿಸಿಕೊಳ್ಳಲು ಮತ್ತೆ ಮನುಷ್ಯನೇ ಬೇಕಾದ. ಹಳ್ಳಿಯ ಹಿಟ್ಟಿನ ಗಿರಣಿಯಲ್ಲಿ ಮೈಯೆಲ್ಲ ಬಿಳಿಯಾದ ಒಬ್ಬಾತ ಒಂದು ಕೈಯನ್ನು ಹಾಪರಿನ ತಳದ ತಗಡಿನ ಮೇಲೆ ಇಟ್ಟು, ಇನ್ನೊಂದು ಕೈಯ ಬೆರಳುಗಳ ನಡುವೆ ಬೆಚ್ಚಗಿನ ಹಿಟ್ಟನ್ನು ತಿಕ್ಕಿ ನೋಡುತ್ತಾನೆ. ಕಲ್ಲಿನ ದನಿ ದಪ್ಪವಾದರೆ ತಗಡನ್ನು ಒಂದು ಬೆರಳಿನಷ್ಟು ಒಳಗೆ ತಳ್ಳುತ್ತಾನೆ, ತೆಳುವಾದರೆ ಹೊರಗೆ ಎಳೆಯುತ್ತಾನೆ.